ಪಕೀರಮ್ಮನ ಬಾಯಿ ಕೆಂಪಾಗಲಿಲ್ಲ

ಆಸ್ಪರಿಯ ಯರ್ರೆಪ್ಪನ ಮಗಳು ಸುಷ್ಮಿತಾಗೆ ಅಂದು ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅವಳೇ ಮೆಚ್ಚಿದ ಹುಡುಗ, ಆದೋನಿಯ ಹತ್ತಿ ಮಿಲ್ಲಿನ ನರೇಶ, ಅಪ್ಪ ಬಜಾರಪ್ಪ ಮತ್ತು ಅಜ್ಜಿ ಪಕೀರಮ್ಮನ ಜೊತೆ ಹೆಣ್ಣು ಕೇಳಲು ಬಂದಿದ್ದ. ಉಳಿದವರೆಲ್ಲ ಒಪ್ಪಿಯಾಗಿತ್ತು, ಅಜ್ಜಿಯ ಒಂದು ಮಾತು ಬಾಕಿ. ಆ ಮನೆತನದ ಪದ್ಧತಿಯೋ, ಅಬ್ಬಬ್ಬಾ! ಹಿರಿಯಳು ಎಲೆ ಅಡಿಕೆ ಹಾಕಿಕೊಂಡು, ಬಾಯಿ ಕೆಂಪಾದ ಮೇಲೆಯೇ ಮಾತು ಕೊಡಬೇಕು. ಅಲ್ಲಿಯವರೆಗೆ ತುಟಿ ಬಿಚ್ಚುವಂತಿಲ್ಲ, ಉಗುಳುವಂತೆಯೂ ಇಲ್ಲ.

ಪಕೀರಮ್ಮ ಎಲೆಯಡಿಕೆ ತಟ್ಟೆಯಲ್ಲಿದ್ದ ಪುಟ್ಟ ಡಬ್ಬಿಗೆ ಬೆರಳದ್ದಿ ಎಲೆಗೆ ಸವರಿದಳು, ಮಡಚಿದಳು, ಬಾಯಿಗಿಟ್ಟಳು. ಅಗಿದಳು. ಅಗಿದೇ ಅಗಿದಳು. ಮಾತಿಲ್ಲ. ಕೊನೆಗೆ ಮುಖ ಸಿಂಡರಿಸಿ ಎಲೆಯಡಿಕೆ ತಟ್ಟೆಯನ್ನು ಆಚೆ ತಳ್ಳಿದಳು.

"ಮುಗೀತಪಾ, ನಮ್ಮವ್ವಗ ಮನಸಿಲ್ಲ," ಎಂದು ಬಜಾರಪ್ಪ ಚಪ್ಪಲಿ ಹುಡುಕತೊಡಗಿದ. ನರೇಶನಿಲ್ಲದ ಬದುಕು ಸುಷ್ಮಿತಾಗೆ ಬೇಡವೇ ಬೇಡ.

ಅಜ್ಜಿಯ ತುಟಿ ನೋಡಿದಳು. ಚೂರೂ ಕೆಂಪಿಲ್ಲ. ಸುಷ್ಮಿತಾ ಪಿಎಚ್‌ಡಿಗೆಂದು ಹಗಲಿರುಳು ಓದುತ್ತಿದ್ದುದೇ ಇಂಥದ್ದನ್ನು. ನರಕೋಶದ ಅಂಚಿನಲ್ಲಿ ಸಂದೇಶ ತುಂಬಿದ ಪುಟ್ಟ ಚೀಲಗಳು ಗೋಡೆಗೊತ್ತಿ ಸಿದ್ಧವಾಗಿ ನಿಂತಿರುತ್ತವೆ. ಸಿನಾಪ್ಟೊಟ್ಯಾಗ್ಮಿನ್ ಎಂಬ ಪ್ರೋಟೀನು ಅಲ್ಲಿ ಕಾವಲು. ಕ್ಯಾಲ್ಸಿಯಂ ಬಂದು ಅದಕ್ಕೆ ಅಂಟಿತೋ, ಕಣ್ಣು ಮಿಟುಕಿಸುವುದರೊಳಗೆ ಚೀಲ ಬಾಯ್ಬಿಟ್ಟು ಸಂದೇಶ ಹೊರಗೆ! ಬರಲಿಲ್ಲವೋ, ತುಂಬಿದ ಚೀಲ ತುಂಬಿದಂತೆಯೇ ನಿಂತಿರಬೇಕು. ಬಾಯಿ ಕೆಂಪಾಗಿಸುವ ಸುಣ್ಣವೆಂದರೂ ಕ್ಯಾಲ್ಸಿಯಮ್ಮೇ ತಾನೆ?

ಡಬ್ಬಿ ಎತ್ತಿ ಮೂಸಿದಳು. ಬೆಣ್ಣೆ! ರೊಟ್ಟಿಗೆಂದು ತೆಗೆದಿಟ್ಟಿದ್ದ ಬೆಣ್ಣೆಯ ಡಬ್ಬಿಯನ್ನು ಸಡಗರದಲ್ಲಿ ಸುಣ್ಣದ್ದೆಂದು ತಟ್ಟೆಗಿಟ್ಟವಳು ಸಾಕ್ಷಾತ್ ಅವಳೇ. ಕ್ಯಾಲ್ಸಿಯಂ ಪಂಡಿತೆಯ ಕೈಚಳಕ ನೋಡಿ!

"ತಡೀರಿ ಮಾವಾ! ಅಜ್ಜಿ ಒಲ್ಲೆ ಅಂದಿಲ್ಲರಿ, ಬಾಯಾಗ ಸುಣ್ಣಾನ ಇಲ್ರಿ!" ಎಂದು ಕೂಗುತ್ತಲೇ ಅಡುಗೆಮನೆಗೆ ಓಡಿ, ಸುಣ್ಣ ಸವರಿದ ಎಲೆಯೊಂದನ್ನು ತಂದು ಅಜ್ಜಿಯ ಕೈಗಿಟ್ಟಳು. ನಗು ಬೇರೆ ಉಕ್ಕಿ ಬರುತ್ತಿತ್ತು, ಅಳುವೂ ಬರುತ್ತಿತ್ತು.

ಪಕೀರಮ್ಮ ಕಣ್ಣು ಕೆಕ್ಕರಿಸಿಕೊಂಡೇ ಅಗಿದಳು. ತುಟಿ ಕೆಂಪೇರಿದ್ದೇ ತಡ, ಮಾತು ಕಟ್ಟೆಯೊಡೆಯಿತು.

"ಅಯ್ಯೋ ದೇವುಡಾ, ಬೆಣ್ಣಿ ತಿನಿಸಿ ಕುಂದ್ರಿಸ್ಯಾಳ ನನ್ನ! ತಾಟು ತಳ್ಳಿ ತೋರ್ಸಿದ್ರೂ ಒಬ್ಬರಿಗೂ ತಿಳೀಲಿಲ್ಲ, ಎದ್ದು ಹೊಂಟಾನ ಈ ಬಜಾರಪ್ಪ! ನನ್ನ ಬಾಯಿ ಓದಿದಾಕಿ ಈಕಿ ಒಬ್ಬಾಕಿ. ಹುಡುಗಿ ಒಪ್ಪಿಗಿ ಐತಿ ನನಗ. ಆದ್ರ ಅಡಿಗಿಮನಿ ಕಡಿ ಮಾತ್ರ ಈಕಿ ಬರಬಾರ್ದು. ನರೇಶಾ, ರೊಟ್ಟಿ ನೀನ ಬಡೀಬೇಕು!"

ನರೇಶ ಆಗಲೇ ಎದ್ದು ಅಂಗಿಯ ತೋಳು ಮಡಚುತ್ತಿದ್ದ. "ಹಿಟ್ಟು ಎಲ್ಲೈತ್ರಿ?" ಎಂದ.