ದೊಡ್ಡಮ್ಮನ ಎರಡು ಫೋಟೊ

ಷಡ್ಡಕನ ಫೋಟೊ ಮಾವನ ಮನೆಯ ಗೋಡೆ ಹತ್ತಿ ಕೂತು ಎರಡು ವರ್ಷವಾಗಿತ್ತು. ಷಡ್ಡಕನ ಫೋಟೊ ಎಂದರೆ ಅವನ ಮುಖದ್ದಲ್ಲ, ಪುಣ್ಯಕ್ಕೆ. ಅವನು ಕಲ್ಲುಗಣಿಯಲ್ಲಿ ಓಡಿಸುವ ಡಂಪರಿನದ್ದು, ಅವನೇ ತೆಗೆದದ್ದು. ಗಣಿಯ ನೌಕರರ ಕ್ಲಬ್ಬಿನವರು ವರ್ಷಕ್ಕೊಮ್ಮೆ ತಮಾಷೆಗೆಂದು ನಡೆಸುವ ದೊಡ್ಡ ಯಂತ್ರಗಳ ಫೋಟೊ ಸ್ಪರ್ಧೆಯಲ್ಲಿ ಅದಕ್ಕೆ ಮೊದಲ ಬಹುಮಾನ ಬಂದಿತ್ತು. ಮರುವರ್ಷ ಅದೇ ಡಂಪರನ್ನು ಇನ್ನೊಂದು ಮಗ್ಗುಲಿನಿಂದ ತೆಗೆದು ಎರಡನೇ ಸಲವೂ ಹೊಡೆದುಕೊಂಡಿದ್ದ. ಬಹುಮಾನ ಒಂದು ಸ್ಟೀಲಿನ ಫ್ಲಾಸ್ಕು. ಫ್ಲಾಸ್ಕಿಗಾಗಿ ಯಾರೂ ಬಾಯಿ ಬಿಟ್ಟುಕೊಂಡು ಕೂತಿರಲಿಲ್ಲ. ಆದರೆ ಮಾವ ಆ ಮೊದಲ ಫೋಟೊಗೆ ಕಟ್ಟು ಹಾಕಿಸಿ ಊಟದ ಮೇಜಿನ ಎದುರಿಗೇ ತೂಗುಹಾಕಿದರು, ಹಿರಿಯ ಅಳಿಯನ ಕುರ್ಚಿ ಸರಿಯಾಗಿ ಅದರ ಮುಂದೆ ಬರುತ್ತಿತ್ತು. ಎರಡು ವರ್ಷದಿಂದ ಭಾನುವಾರ ಭಾನುವಾರ ಆ ಡಂಪರಿನ ಮುಖ ನೋಡದೆ ಅವನ ಗಂಟಲಲ್ಲಿ ಒಂದು ತುತ್ತೂ ಇಳಿದಿರಲಿಲ್ಲ.

ಹಿರಿಯ ಅಳಿಯನೂ ಅದೇ ಗಣಿಯಲ್ಲಿ ಆಪರೇಟರ್. ಡಂಪರಿಗೆ ಕಲ್ಲು ತುಂಬುವ ದೈತ್ಯ ಯಂತ್ರ ಅವನದು. ಅದರ ಬಕೆಟ್ಟಿನೊಳಗೆ ಒಂದು ಕಾರು ನಿಲ್ಲಿಸಬಹುದು. ಬಕೆಟ್ಟಿನ ಒಂದು ಹಲ್ಲು ಬದಲಿಸಬೇಕಾದರೆ ಇಬ್ಬರು ಸೇರಿ ಎತ್ತಬೇಕು. ಗಣಿಯವರೆಲ್ಲ ಆ ಯಂತ್ರವನ್ನು 'ದೊಡ್ಡಮ್ಮ' ಎಂದೇ ಕರೆಯುತ್ತಿದ್ದರು. ಹದಿನೆಂಟು ವರ್ಷ ಅವಳ ಜೊತೆ ಏಗಿದವನಿಗೆ ಒಂದು ಜುಜುಬಿ ಡಂಪರು ಗೋಡೆಯ ಮೇಲೆ ಮೆರೆಯುವುದು ಹೇಗೆ ಸಹಿಸೀತು? ಈ ಸಲ ಆ ಗೋಡೆಯ ಮೇಲೆ ದೊಡ್ಡಮ್ಮ ಬರಬೇಕು, ಷಡ್ಡಕ ಅವಳ ಮುಖ ನೋಡಿಕೊಂಡೇ ಉಣ್ಣಬೇಕು. ಅವನಿಗೆ ಬೇಕಾಗಿದ್ದದ್ದು ಇಷ್ಟೇ.

ಈ ಸಲದ ತೀರ್ಪುಗಾರರು ಸ್ವತಃ ಮಾವ.

ಮಾವನ ಬಗ್ಗೆ ಒಂದು ಮಾತು ಹೇಳಲೇಬೇಕು. ಅದೇ ಗಣಿಯಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ಕುಗಳ ಮೇಸ್ತ್ರಿಯಾಗಿದ್ದು ನಿವೃತ್ತರಾದವರು. ಬೆಳಗ್ಗೆ ಯಂತ್ರ ಚಾಲೂ ಮಾಡುವ ಮೊದಲು ಆಪರೇಟರು ಸಣ್ಣ ಸುತ್ತಿಗೆ ಹಿಡಿದು ಅದರ ಸುತ್ತ ಒಂದು ಸುತ್ತು ಹಾಕಬೇಕು, ಇಪ್ಪತ್ತೆರಡು ಕಡೆ ತಟ್ಟಿ ಸದ್ದು ಕೇಳಬೇಕು, ಆಮೇಲೆ ಹಾಳೆಯಲ್ಲಿ ಒಂದೊಂದಕ್ಕೂ ಟಿಕ್ ಹಾಕಬೇಕು ಎಂಬ ಕಟ್ಟಳೆ ತಂದವರೇ ಅವರು. ಗಟ್ಟಿ ಉಕ್ಕು 'ಟಣ್' ಎನ್ನುತ್ತದೆ, ಒಳಗೆ ಬಿರುಕು ಬಿಟ್ಟದ್ದು 'ಡಬ್' ಎನ್ನುತ್ತದೆ. ನಿವೃತ್ತರಾದ ಮೇಲೂ ಅವರ ಚಾಳಿ ಬಿಡಲಿಲ್ಲ. ಹೊಸ ಕುರ್ಚಿ ಮನೆಗೆ ಬಂದರೆ ನಾಲ್ಕು ಕಾಲೂ ತಟ್ಟಿ ನೋಡುವವರೆಗೆ ಅತ್ತೆ ಕೂರುವ ಹಾಗಿಲ್ಲ. ಅಳಿಯಂದಿರು ಸ್ಕೂಟರಿನಲ್ಲಿ ಬಂದಿಳಿದರೆ ಬಾಗಿಲಲ್ಲೇ ಮೊದಲ ಪ್ರಶ್ನೆ: "ಸುತ್ತು ಹಾಕಿದ್ರಾ?"

"ಹಾಕಿದೆ ಮಾವ," ಎನ್ನುತ್ತಿದ್ದ ಹಿರಿಯ ಅಳಿಯ, ಕಣ್ಣು ಮಿಟುಕಿಸದೆ.

ಹಾಕುತ್ತಿರಲಿಲ್ಲ. ಕ್ಯಾಬಿನ್ನಿನಲ್ಲಿ ಆರಾಮಾಗಿ ಕೂತು ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದು ಕೈಯಲ್ಲಿ ಪೆನ್ನು ಹಿಡಿದು ಇಪ್ಪತ್ತೆರಡು ಟಿಕ್ಕನ್ನೂ ಒಂದೇ ಉಸಿರಿಗೆ ಎಳೆದುಬಿಡುತ್ತಿದ್ದ. ಅದಕ್ಕೆ ಅವನದೇ ಒಂದು ವಾದವೂ ಇತ್ತು.

"ಹದಿನೆಂಟು ವರ್ಷದ ಸಂಸಾರ ಕಣೇ," ಎಂದು ಹೆಂಡತಿಗೆ ಹೇಳಿದ್ದ. "ಮನೆಯವಳನ್ನ ಯಾರಾದ್ರೂ ದಿನಾ ಬೆಳಗ್ಗೆ ಎದ್ದು ಚೆನ್ನಾಗಿದ್ದೀಯಾ ಅಂತ ಕೇಳ್ತಾರಾ?"

"ಕೇಳಿದ್ರೆ ಬಾಯೇನೂ ಸವೆದು ಹೋಗಲ್ಲ," ಎಂದಿದ್ದಳು ಅವಳು.

ಫೋಟೊ ತೆಗೆದದ್ದು ಅವಳ ಮೊಬೈಲಿನಲ್ಲೇ, ಮಂಗಳವಾರ ಸೂರ್ಯ ಹುಟ್ಟುವ ಹೊತ್ತಿಗೆ. ಅವನು ಜಲ್ಲಿಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಮೊಣಕೈ ತರಚಿಕೊಂಡು, ನಲವತ್ತು ಸಲ ಒತ್ತಿದ. ನಲವತ್ತರಲ್ಲಿ ಒಂದು ಕಣ್ಣು ಕುಕ್ಕುವ ಹಾಗೆ ಬಂದಿತ್ತು. ಓರೆ ಬಿಸಿಲು, ಮೇಲೆತ್ತಿದ ಬೂಮು, ಅಂದರೆ ದೊಡ್ಡಮ್ಮನ ಆ ಉದ್ದನೆಯ ತೋಳು, ತುದಿಯಲ್ಲಿ ಹಲ್ಲು ಬಿಟ್ಟುಕೊಂಡ ಬಕೆಟ್ಟು. ಮೂರು ಸಲ ನೋಡಿ ಮೂರು ಸಲವೂ ಅವನು ಒಬ್ಬನೇ ನಕ್ಕ.

ಬುಧವಾರ ಸಂಜೆ ಆರು ಗಂಟೆಯೊಳಗೆ ಫೋಟೊ ಕ್ಯಾಂಟೀನಿಗೆ ತಲುಪಬೇಕಿತ್ತು. ಶಿಫ್ಟು ಮುಗಿಸಿ ಐದಕ್ಕೆ ಸ್ಟುಡಿಯೊಗೆ ಓಡಿದ. ಸ್ಟುಡಿಯೊದವನು ಮೊಡವೆ, ಮಚ್ಚೆ, ಕಣ್ಣ ಕೆಳಗಿನ ಕಪ್ಪು ಎಲ್ಲವನ್ನೂ ಒರೆಸಿ ಹಾಕಿ ಎಂಥವರನ್ನೂ ಮದುವೆಗೆ ಲಾಯಕ್ಕು ಮಾಡಿಕೊಡುವ ಆಸಾಮಿ. ದೊಡ್ಡಮ್ಮನನ್ನು ಪರದೆಯ ಮೇಲೆ ಹಿಗ್ಗಿಸಿ, ಒಂದು ಪ್ರಿಂಟು ಒತ್ತಿಯೂ ಬಿಟ್ಟ. ಆಗ ಆಪರೇಟರಿಗೆ ಕಂಡಿತು. ಬೂಮಿನ ಬುಡದಲ್ಲಿ ಓರೆಯಾಗಿ ಒಂದು ಎಳೆ.

ಅವನು ಕರ್ಚೀಫಿನಿಂದ ಪರದೆ ಒರೆಸಿದ. ಹೋಗಲಿಲ್ಲ. ಊದಿದ. ಹೋಗಲಿಲ್ಲ.

"ಅದು ಪರದೆ ಮೇಲಿಲ್ಲ ಅಣ್ಣ, ನಿಮ್ಮ ಯಂತ್ರದ ಮೇಲಿದೆ," ಎಂದ ಸ್ಟುಡಿಯೊದವನು. "ಸುಕ್ಕು. ವಯಸ್ಸೆಷ್ಟು ಇದಕ್ಕೆ?"

"ಹದಿನೆಂಟು."

"ಹದಿನೆಂಟಕ್ಕೇ ಸುಕ್ಕಾ? ಬಿಡಿ, ಒಂದು ನಿಮಿಷದ ಕೆಲಸ."

ಬೇಡ ಎನ್ನಲು ಆಪರೇಟರಿಗೆ ಒಂದು ನಿಮಿಷ ಪೂರ್ತಿ ಇತ್ತು. ಗ್ರೀಸಿನ ಗೆರೆ ಇರಬೇಕು, ಜೇಡರ ಬಲೆಯ ಎಳೆ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಅಷ್ಟರಲ್ಲಿ ಪರದೆಯ ಮೇಲೆ ಬೂಮು ಹಸುಳೆಯ ಕೆನ್ನೆಯಷ್ಟು ನುಣ್ಣಗಾಗಿತ್ತು. ನುಣುಪಾದ ಪ್ರಿಂಟನ್ನು ಆರಕ್ಕೆ ಐದು ನಿಮಿಷವಿರುವಾಗ ಕ್ಯಾಂಟೀನಿಗೆ ಕೊಟ್ಟ. ಹನ್ನೊಂದನೇ ನಂಬರು ಸಿಕ್ಕಿತು. ಮೊದಲಿನ ಪ್ರಿಂಟನ್ನು ಎಸೆಯಲು ಮನಸ್ಸು ಬಾರದೆ ಸುರುಳಿ ಸುತ್ತಿ ಬುತ್ತಿಚೀಲಕ್ಕೆ ತುರುಕಿದ.

ಆ ರಾತ್ರಿ ಅವನಿಗೆ ಅನ್ನ ಸೇರಲಿಲ್ಲ. ಬೆಳಗ್ಗೆ ಎದ್ದವನೇ ಸುತ್ತಿಗೆ ಹುಡುಕತೊಡಗಿದ. ಸುತ್ತಿಗೆ ಸಿಕ್ಕಿದ್ದು ಅಡುಗೆಮನೆಯ ಕಿಟಕಿಯಲ್ಲಿ. ಗಾಳಿಗೆ ಅದರ ಬಾಗಿಲು ಬಡಿದುಕೊಳ್ಳದ ಹಾಗೆ ಎಂಟು ತಿಂಗಳಿಂದ ಅದೇ ಅಲ್ಲಿ ಒತ್ತುಗೊಟ್ಟುಕೊಂಡು ನಿಂತಿತ್ತು.

"ಅದನ್ನ ತಗೊಂಡು ಹೋದ್ರೆ ಕಿಟಕಿ ಬಡ್ಕೊಳ್ಳತ್ತೆ ಕಣ್ರೀ," ಎಂದಳು ಹೆಂಡತಿ.

"ಬಡ್ಕೊಳ್ಳಲಿ. ನಾನೂ ಅದನ್ನೇ ಮಾಡಕ್ಕೆ ಹೋಗ್ತಿರೋದು," ಎಂದು ಹೊರಟ.

ಎಂಟು ತಿಂಗಳ ಮೇಲೆ ಮೊದಲ ಸಲ ದೊಡ್ಡಮ್ಮನ ಸುತ್ತ ಸುತ್ತು ಹಾಕಿದ. ಚಕ್ರಪಟ್ಟಿ, ಟಣ್. ಪಿನ್ನು, ಟಣ್. ಇಪ್ಪತ್ತೊಂದು ಕಡೆ ದೊಡ್ಡಮ್ಮ ಚೊಕ್ಕವಾಗಿ ಉತ್ತರ ಕೊಟ್ಟಳು. ಅವನಿಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಏಣಿ ಹತ್ತಿ ಬೂಮಿನ ಬುಡಕ್ಕೆ ಇಪ್ಪತ್ತೆರಡನೆಯ ಏಟು ಹಾಕಿದ.

ಡಬ್.

ಅಂಗೈಯಿಂದ ಕೆಸರು ಒರೆಸಿದ. ಗ್ರೀಸೂ ಅಲ್ಲ, ಜೇಡವೂ ಅಲ್ಲ. ಕೂದಲೆಳೆಯ ಬಿರುಕು, ಗೇಣುದ್ದ.

ಅದೇ ಹೊತ್ತಿಗೆ ಷಡ್ಡಕ ಡಂಪರನ್ನು ಹಿಂದಕ್ಕೆ ತಂದು, ಎಂದಿನ ಹಾಗೆಯೇ, ಬೂಮಿನ ಕೆಳಗೆ ನಿಲ್ಲಿಸಿ ಹಾರ್ನ್ ಒತ್ತಿದ. "ಅಣ್ಣಾ, ಬೇಗ ಬೇಗ ತುಂಬ್ಸು! ಮೂರನೇ ಫ್ಲಾಸ್ಕು ತಗೊಳ್ಳಕ್ಕೆ ಹೋಗ್ಬೇಕು ನಾನು!"

ಮೇಲಿನಿಂದ ನೋಡಿದರೆ ಡಂಪರಿನ ಗಾಜಿನಾಚೆ ಷಡ್ಡಕನ ತಲೆ ಕಾಣುತ್ತಿತ್ತು, ನೆತ್ತಿಯ ಮೇಲೆ ರೂಪಾಯಿಯಗಲ ಬೋಳು. ಯಾವುದೋ ಹಾಡಿಗೆ ಆ ತಲೆ ಹಿಂದೆ ಮುಂದೆ ತೂಗುತ್ತಿತ್ತು. ಎರಡು ವರ್ಷದಿಂದ ಭಾನುವಾರ ಭಾನುವಾರ ಆ ತಲೆಯ ಮೇಲೆ ಆಪರೇಟರು ಏನೇನೋ ಬೀಳಲಿ ಎಂದು ಬಯಸಿದ್ದುಂಟು: ಸಾರಿನ ಪಾತ್ರೆ, ಹೆಚ್ಚೆಂದರೆ ಗೋಡೆಯ ಆ ಫೋಟೊ. ಆದರೆ ದಿನಕ್ಕೆ ತೊಂಬತ್ತು ಸಲ ಅದರ ಮೇಲಿಂದಲೇ ಅವನು ಹನ್ನೆರಡು ಟನ್ ಕಲ್ಲು ಹಾಯಿಸುತ್ತಿದ್ದ, ಈ ಬೂಮಿನಲ್ಲೇ. ಕೆಳಗಿಳಿದು ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ, ಏಣಿಗೆ 'ಚಾಲೂ ಮಾಡಬಾರದು' ಎಂಬ ಕೆಂಪು ಬೋರ್ಡು ನೇತುಹಾಕಿದ.

ಕಲ್ಲಿಲ್ಲದೆ ಕ್ರಷರು ನಿಂತ ಹತ್ತು ನಿಮಿಷಕ್ಕೆ ಫೋರ್‌ಮನ್ ಹಾರಾಡಿಕೊಂಡು ಬಂದರು. ಬಿರುಕು ಎಂದು ಕೇಳಿ ಏಣಿಯ ಎರಡು ಮೆಟ್ಟಿಲು ಹತ್ತಿದರು. ಮೊಣಕಾಲು ನೆನಪಿಗೆ ಬಂದು ಇಳಿದರು.

"ನಿನ್ನೆ ಹಾಳೇಲಿ ಬೂಮು ಸರಿಯಿದೆ ಅಂತ ಟಿಕ್ ಹಾಕಿದ್ಯಲ್ಲಯ್ಯಾ. ಸೈನು ನಿಂದೇ ತಾನೆ?"

"ನಂದೇ ಸಾರ್."

"ಅದೂ ಬೇಡ. ಮೊನ್ನೆ ನೀನೇ ತೆಗ್ದಿರೋ ಫೋಟೊ ಈಗಷ್ಟೇ ಕ್ಯಾಂಟೀನಲ್ಲಿ ನೋಡ್ಕೊಂಡು ಬಂದೆ. ಬೂಮು ಕನ್ನಡಿ ಇದ್ದ ಹಾಗಿದೆ. ರಾತ್ರೋರಾತ್ರಿ ಬಿರುಕು ಎಲ್ಲಿಂದ ಬಂತು? ನಡಿ, ನಿಮ್ಮ ಮಾವನ ಬಾಯಿಂದಾನೇ ಕೇಳೋಣ."

ಕ್ಯಾಂಟೀನಿನಲ್ಲಿ ಹಗ್ಗಕ್ಕೆ ಕ್ಲಿಪ್ಪು ಹಾಕಿ ಇಪ್ಪತ್ತಾರು ಫೋಟೊ ತೂಗುಬಿಟ್ಟಿದ್ದರು. ಮಾವ ಒಂದು ಕೈಯಲ್ಲಿ ಭೂತಗನ್ನಡಿ, ಇನ್ನೊಂದರಲ್ಲಿ ಕೆಂಪು ಪೆನ್ಸಿಲು ಹಿಡಿದು ಬೆಳಗಿನಿಂದ ತೀರ್ಪು ಕೊಡುತ್ತಿದ್ದರು. ಅಂದ ಚೆಂದ ಎಂಬುದು ಅವರ ತಲೆಗೆ ಹೊಳೆದೇ ಇರಲಿಲ್ಲ. ಒಂದರ ಕೆಳಗೆ 'ಎಡ ಟೈರಿನಲ್ಲಿ ಗಾಳಿ ಸಾಲದು' ಎಂದು ಬರೆದಿದ್ದರು. ಸೂರ್ಯಾಸ್ತದ ಎದುರು ನಿಂತ ಕ್ರೇನಿನ ಕೆಳಗೆ 'ಬೋಲ್ಟ್ ಒಂದು ಇಲ್ಲ. ಹುಡುಕಿ' ಎಂದಿತ್ತು. ಇನ್ನೊಂದರಲ್ಲಿ ಯಂತ್ರಕ್ಕೆ ಒರಗಿ ನಗುತ್ತಿದ್ದವನ ಕೆಳಗೆ 'ಚಪ್ಪಲಿ ಯಾಕೆ? ಬೂಟು ಎಲ್ಲಿ?' ಷಡ್ಡಕನ ಡಂಪರಿಗೆ 'ವೈಪರ್ ಬ್ಲೇಡ್ ಸವೆದಿದೆ'. ಸ್ಪರ್ಧಿಗಳೆಲ್ಲ ಮುಖ ಹುಳ್ಳಗೆ ಮಾಡಿಕೊಂಡು ಗೋಡೆಗಂಟಿ ನಿಂತಿದ್ದರು. ಬಹುಮಾನಕ್ಕೆಂದು ಬಂದವರಲ್ಲಿ ನಾಲ್ವರು ಆಗಲೇ ಸ್ಪ್ಯಾನರು ತರಲು ಹೋಗಿದ್ದರು.

ಹನ್ನೊಂದನೇ ನಂಬರಿನ ಕೆಳಗೆ ಮಾತ್ರ ಅಕ್ಷರವಿರಲಿಲ್ಲ.

"ಮೂರು ಸಲ ನೋಡ್ದೆ," ಎಂದರು ಮಾವ. "ಒಂದು ಕೊರತೆ ಇಲ್ಲ. ಅಳಿಯಂದ್ರೇ, ಇದು ದೊಡ್ಡಮ್ಮ ಅಂತ ನನಗೆ ಗೊತ್ತಾಗಲ್ವಾ? ದಿನಾ ಸುತ್ತು ಹಾಕೋ ಯಂತ್ರ ನೋಡಿದ ಕೂಡ್ಲೇ ತಿಳಿಯತ್ತೆ. ಇದಕ್ಕೇ ಮೊದಲ ಬಹುಮಾನ. ಕಟ್ಟು ಹಾಕ್ಸಿ ಮನೇಲಿ ತೂಗ್ತೀನಿ."

"ಕೇಳಿಸ್ಕೊಂಡ್ಯಾ?" ಎಂದು ಫೋರ್‌ಮನ್ ಆಪರೇಟರಿನ ಬೆನ್ನು ತಟ್ಟಿದರು. "ಮೂವತ್ತು ವರ್ಷ ತಟ್ಟಿದವರ ಮಾತು. ಹೋಗು, ಕೀಲಿ ತಿರುಗ್ಸು."

ಎರಡು ವರ್ಷ ಕಾದ ಗೋಡೆ ಕೈಗೆ ಸಿಕ್ಕಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಅವರ ಹಿಂದೆಯೇ ಬಂದಿದ್ದ ಷಡ್ಡಕ ಅಲ್ಲೇ ಮುಂದೆ, ಅವನಿಗೆ ಬೆನ್ನು ಮಾಡಿ, ತನ್ನ ಡಂಪರಿನ ಕೆಳಗಿನ ಕೆಂಪಕ್ಷರವನ್ನು ಬಗ್ಗಿ ಓದುತ್ತಾ ನಿಂತಿದ್ದ. ನೆತ್ತಿಯ ಬೋಳು ನೇರ ಆಪರೇಟರಿನ ಕಡೆಗಿತ್ತು.

ಅವನು ಬುತ್ತಿಚೀಲಕ್ಕೆ ಕೈ ಹಾಕಿ ಸುರುಳಿ ತೆಗೆದ. ಮೂಲೆಗೆ ಪಲ್ಯದ ಎಣ್ಣೆ ಹತ್ತಿತ್ತು.

"ಮಾವ, ಅದು ಸುಳ್ಳು ಫೋಟೊ. ಸ್ಟುಡಿಯೊದಲ್ಲಿ ಒರೆಸಿದ್ದು. ನಿಜದ್ದು ಇದು."

ಮಾವ ಭೂತಗನ್ನಡಿ ಹಿಡಿದರು. ತುದಿಯಿಂದ ಬುಡದವರೆಗೆ ಬೂಮು ನೋಡಿ ತಲೆಯೆತ್ತಿದರು.

"ಸುತ್ತು ಹಾಕಿದ್ರಾ?"

"ಇವತ್ತು ಹಾಕ್ದೆ ಮಾವ. ಡಬ್ ಅಂತು."

"ನಿನ್ನೆ?"

"ಇಲ್ಲ."

"ಮೊನ್ನೆ?"

"ಇಲ್ಲ."

"ಅದರ ಹಿಂದಿನ ದಿನ?"

ಹೀಗೇ ಹೋದರೆ ಸಂಜೆಯಾಗುತ್ತದೆ ಎಂದು ಆಪರೇಟರಿಗೆ ಅನಿಸಿತು. "ಮಾವ, ಸುತ್ತಿಗೆ ಎಂಟು ತಿಂಗಳಿಂದ ಅಡುಗೆಮನೆ ಕಿಟಕಿಯಲ್ಲಿತ್ತು."

ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಮಾವ ನಗಲಿಲ್ಲ, ಬೈಯಲೂ ಇಲ್ಲ. ಕೆಂಪು ಪೆನ್ಸಿಲಿನಿಂದ ಬಿರುಕಿನ ಸುತ್ತ ನಿಧಾನವಾಗಿ ಒಂದು ಗುಂಡು ಗೆರೆ ಎಳೆದು ಫೋರ್‌ಮನ್ ಕೈಗೆ ಕೊಟ್ಟರು. ಫೋರ್‌ಮನ್ ವರ್ಕ್‌ಶಾಪಿಗೆ ಫೋನು ಮಾಡಿದರು. ಮಧ್ಯಾಹ್ನ ವೆಲ್ಡರು ಬಂದು ಕೆತ್ತಿ ನೋಡಿದಾಗ ಹೊರಗೆ ಕೂದಲೆಳೆಯಷ್ಟಿದ್ದ ಬಿರುಕು ಒಳಗೆ ನಾಲ್ಕು ಬೆರಳು ಆಳ ತಿಂದಿತ್ತು. ಇನ್ನೊಂದು ವಾರ ತಡೆಯುತ್ತಿರಲಿಲ್ಲ ಎಂದ ಅವನು.

ದೊಡ್ಡಮ್ಮ ಒಂದು ತಿಂಗಳು ವರ್ಕ್‌ಶಾಪು ಸೇರಿದಳು. ಆಪರೇಟರಿಗೆ ಶಿಕ್ಷೆಯೂ ಆಯಿತು. ಅಷ್ಟು ದಿನ ಗಣಿಯ ಹದಿನಾಲ್ಕು ಯಂತ್ರಕ್ಕೂ ಸುತ್ತಿಗೆ ಹಿಡಿದು ಸುತ್ತು ಹಾಕುವ ಕೆಲಸ ಅವನ ತಲೆಗೇ ಬಿತ್ತು. ಬಹುಮಾನದ ಫ್ಲಾಸ್ಕನ್ನು ಮಾವ ಯಾವ ಫೋಟೊಗೂ ಕೊಡಲಿಲ್ಲ. ಇಡೀ ಗಣಿಯಲ್ಲಿ ದಿನಾ ಪೈಪು ಮುಟ್ಟಿ ನೋಡಿ ತನ್ನ ಯಂತ್ರ, ಅಂದರೆ ಗ್ಯಾಸಿನ ಒಲೆ, ಹಚ್ಚುವವನು ಇವನೊಬ್ಬನೇ ಎಂದು, ಸ್ಪರ್ಧೆಯ ಗೋಜಿಗೇ ಹೋಗದ ಕ್ಯಾಂಟೀನಿನವನನ್ನು ಕರೆದು ಅವನ ಕೈಗಿಟ್ಟರು. ಕ್ಯಾಂಟೀನಿನವನು ಒಲೆಯ ಕಡೆ ಒಮ್ಮೆ ಅನುಮಾನದಿಂದ ನೋಡಿ ಇಸಿದುಕೊಂಡ.

ಮುಂದಿನ ಭಾನುವಾರ ಆಪರೇಟರು ಕಾಲೆಳೆದುಕೊಂಡೇ ಮಾವನ ಮನೆಗೆ ಹೋದ. ಬಾಗಿಲಲ್ಲೇ ನಿಂತು ಗೋಡೆ ನೋಡಿದ. ಡಂಪರು ಮೂಲೆಗೆ ಸರಿದಿತ್ತು. ನಟ್ಟನಡುವೆ ದೊಡ್ಡ ಕಟ್ಟಿನೊಳಗೆ ದೊಡ್ಡಮ್ಮ, ಕೆಂಪು ಸುತ್ತಿನ ಸಮೇತ, ಎಣ್ಣೆ ಹತ್ತಿದ ಮೂಲೆಯ ಸಮೇತ. ಅವನಿಗೆ ಕಣ್ಣು ತುಂಬಿ ಬಂತು. ಆ ಸಂತೋಷ ಇದ್ದದ್ದು ಊಟಕ್ಕೆ ಕೂರುವವರೆಗೆ ಮಾತ್ರ. ಆ ದಿನ ಅತ್ತೆಯ ಕಡೆಯ ನೆಂಟರೊಬ್ಬರು ಬಂದಿದ್ದರು.

"ಫೋಟೊ ಸೊಗಸಾಗಿದೆ. ಆದ್ರೆ ಈ ಕೆಂಪು ಸುತ್ತು ಯಾಕೆ?" ಎಂದು ಕೇಳಿದರು ಅವರು.

"ಅಳಿಯಂದ್ರೇ, ನೀವೇ ಹೇಳಿ," ಎಂದರು ಮಾವ, ತಟ್ಟೆಯಿಂದ ತಲೆ ಎತ್ತದೆ.

ಅಂದಿನಿಂದ ಆ ಮನೆಗೆ ಯಾರೇ ಹೊಸಬರು ಬರಲಿ, ಆ ಪ್ರಶ್ನೆ ತಪ್ಪಿದ್ದಲ್ಲ, ಮಾವನ ಆ ಉತ್ತರವೂ ತಪ್ಪಿದ್ದಲ್ಲ. ಅವನು ಹೇಳುತ್ತಾನೆ. ಕ್ಯಾಬಿನ್ನಿನ ಟೀ, ಒಂದೇ ಉಸಿರಿನ ಟಿಕ್ಕುಗಳು, ಹದಿನೆಂಟಕ್ಕೇ ಬಂದ ಸುಕ್ಕು, ಒಂದನ್ನೂ ಬಿಡುವ ಹಾಗಿಲ್ಲ. ಬಿಟ್ಟರೆ ಷಡ್ಡಕ ಕೂತಲ್ಲಿಂದಲೇ ನೆನಪಿಸುತ್ತಾನೆ: "ಅಣ್ಣಾ, ಕಿಟಕಿ ಬಿಟ್ಟುಬಿಟ್ಯಲ್ಲ!" ಹೆಂಡತಿ, ನಾದಿನಿ, ಅತ್ತೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ಅವನೂ ನಗುತ್ತಾನೆ.

ಆದರೆ ಕತೆಯಲ್ಲಿ ಇಪ್ಪತ್ತೆರಡನೆಯ ಏಟಿನ ಸದ್ದು ಬಂದಾಗ ಮಾತ್ರ ಷಡ್ಡಕ ನಗುವುದಿಲ್ಲ. ತಲೆ ತಗ್ಗಿಸಿ, ಹತ್ತಿರದ ಪಾತ್ರೆ ಎಳೆದುಕೊಂಡು ಅಣ್ಣನ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತಾನೆ. ಸಾಕು ಎಂದರೂ ಕೇಳುವುದಿಲ್ಲ.