ನಲವತ್ತೈದರ ಗೆರೆ

ಆ ಬಸ್ ಡಿಪೋದಲ್ಲಿ ಮತ ಹಾಕುವುದು ಕೈ ಎತ್ತಿ ಅಲ್ಲ, ಹಾರ್ನ್ ಒತ್ತಿ. ಹಿಂದೊಮ್ಮೆ ಆಡಳಿತದವರು ಡಿಪೋದೊಳಗೆ ಸಭೆ ಸೇರಬಾರದು, ಘೋಷಣೆ ಕೂಗಬಾರದು ಎಂದು ಆಜ್ಞೆ ಹೊರಡಿಸಿದ್ದರು. ಹಾರ್ನ್ ಒತ್ತಬಾರದು ಎಂದು ಬರೆಯುವುದನ್ನು ಮರೆತರು. ಅಷ್ಟು ಸಾಕಾಯಿತು. ಬೆಳಗಿನ ಪಾಳಿ ಹೊರಡುವ ಮುಂಚೆ ಸಂಘದ ಕಾರ್ಯದರ್ಶಿ ಡೀಸೆಲ್ ಪಂಪಿನ ಕಟ್ಟೆ ಹತ್ತಿ ಪ್ರಶ್ನೆ ಕೇಳುತ್ತಾನೆ. ಒಪ್ಪಿದವರು ತಮ್ಮ ಸೀಟಿನಲ್ಲಿ ಕುಳಿತೇ ಹಾರ್ನ್ ಒತ್ತುತ್ತಾರೆ, ಒಪ್ಪದವರು ಸುಮ್ಮನಿರುತ್ತಾರೆ. ಕಾಲ ಬದಲಾಯಿತು, ಆಜ್ಞೆ ಬಿದ್ದುಹೋಯಿತು, ಪದ್ಧತಿ ಉಳಿಯಿತು. ಇದರಲ್ಲಿ ಒಂದು ತೊಡಕಿದೆ. ಅಷ್ಟೂ ಹಾರ್ನ್ ಒಟ್ಟಿಗೆ ಅರಚುವಾಗ ಸುಮ್ಮನೆ ಕುಳಿತವರು ಎಷ್ಟು ಮಂದಿ ಎಂಬುದು ದೇವರಿಗೂ ತಿಳಿಯುವುದಿಲ್ಲ. ಯಾವ ಕಾರ್ಯದರ್ಶಿಗೂ ಇದು ತೊಡಕು ಅಂತ ಅನ್ನಿಸಿದ್ದಿಲ್ಲ, ಬಿಡಿ.

ಮೊದಲ ಸಾಲಿನ ಮೊದಲ ಬಸ್ಸು ಪೀಪಿಯದು. ಅವಳು ಒತ್ತಿದ ಮೇಲೆಯೇ ಮಿಕ್ಕವರು ಒತ್ತುವುದು ರೂಢಿಯಾಗಿಬಿಟ್ಟಿತ್ತು. ಅದಕ್ಕೇ ಅವಳಿಗೆ ಆ ಹೆಸರು ಬಿದ್ದಿತ್ತು. ಕಿರಿಯರ ಬಾಯಲ್ಲಿ ಅದು ಪೀಪಿಯಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು.

ಗಂಡ ತೀರಿಕೊಂಡ ಮೇಲೆ ಅವಳು ಸ್ವಂತಕ್ಕೊಂದು ಟ್ಯಾಕ್ಸಿ ಕೊಳ್ಳಬೇಕೆಂದಿದ್ದಳು. ತಡೆದವನು ಭಾವ, ಅಂದರೆ ಅಕ್ಕನ ಗಂಡ. ಆಗ ಅವನೂ ಡ್ರೈವರ್ ಆಗಿದ್ದ, ಈಗ ಸಂಘದ ಕಾರ್ಯದರ್ಶಿ. "ಟ್ಯಾಕ್ಸಿ ನಿನ್ನ ಕೈಕಾಲು ಗಟ್ಟಿ ಇರೋವರೆಗೆ ಅನ್ನ ಹಾಕತ್ತೆ. ಸರ್ಕಾರಿ ಬಸ್ಸು ನೀನು ಕಣ್ಣು ಮುಚ್ಚೋವರೆಗೆ ಹಾಕತ್ತೆ" ಎಂದಿದ್ದ. ಡಿಪೋದ ಬಿಡಿಭಾಗಗಳ ಸ್ಟೋರಿನಲ್ಲಿ ಕೆಲಸಕ್ಕಿದ್ದ ಅಕ್ಕನೂ ಹೂಂಗುಟ್ಟಿದ್ದಳು. ತಂಗಿ ಅವರ ಮಾತು ಕೇಳಿ ಬಸ್ಸಿಗೆ ಸೇರಿದಳು. ಕ್ಲಚ್ ತುಳಿದೂ ತುಳಿದೂ ಎಡಮಂಡಿ ಸವೆಯಿತು, ಸೊಂಟ ಮಾತು ಕೇಳುವುದನ್ನು ಬಿಟ್ಟಿತು. ಮಕ್ಕಳಿಲ್ಲವಲ್ಲ, ಮುಂದೆ ಗತಿಯೇನು ಎಂದು ಯಾರಾದರೂ ಮರುಕ ತೋರಿಸಿದರೆ ನಗುತ್ತಿದ್ದಳು. "ನನಗೂ ಒಬ್ಬ ಮಗ ಇದ್ದಾನೆ ಕಣ್ರೀ, ಪಿಂಚಣಿ ಅಂತ ಹೆಸರು. ರಿಟೈರ್ ಆದ್ಮೇಲೆ ತಿಂಗಳಿಗೊಂದು ಸಲ ತಪ್ಪದೆ ಮನೆಗೆ ಬರ್ತಾನೆ, ಸೊಸೆ ಜೊತೆ ಜಗಳಾನೂ ತರಲ್ಲ."

ಆ ಮಗನಿಗೇ ಕಂಟಕ ಬಂದಿತ್ತು. ಸರ್ಕಾರ ಪಿಂಚಣಿಯನ್ನು ಸುಧಾರಿಸಹೊರಟಿತ್ತು. ಸುಧಾರಣೆ ಎಂಬ ಪದ ಕೇಳಿದರೆ ಬಡವರು ಜೇಬು ಮುಟ್ಟಿ ನೋಡಿಕೊಳ್ಳಬೇಕು, ಅದು ಬೇರೆ ಮಾತು. ಹೊಸ ಪದ್ಧತಿಯಲ್ಲಿ ಇಂತಿಷ್ಟು ಎಂಬ ಖಾತ್ರಿಯಿಲ್ಲ. ಸಂಬಳದಲ್ಲಿ ಮುರಿದುಕೊಂಡ ದುಡ್ಡನ್ನು ಷೇರುಪೇಟೆಗೆ ಹಾಕುತ್ತಾರೆ. ಪೇಟೆ ಎದ್ದರೆ ಊಟ, ಬಿದ್ದರೆ ಹೊಟ್ಟೆಗೆ ತಣ್ಣೀರು ಬಟ್ಟೆ. ಟೀವಿಯಲ್ಲಿ ಕೋಟು ತೊಟ್ಟವರು ಜನ ಬಹಳ ಕಾಲ ಬದುಕುತ್ತಿದ್ದಾರೆ, ಬೊಕ್ಕಸ ತಡೆಯುವುದಿಲ್ಲ ಎಂದು ಬೇಸರಪಟ್ಟುಕೊಂಡರು. "ಬೇಗ ಸಾಯದೆ ಇದ್ದಿದ್ದಕ್ಕೆ ಕ್ಷಮಿಸಿ ಸ್ವಾಮಿ" ಎಂದು ಕ್ಯಾಂಟೀನಿನಲ್ಲಿ ಗ್ರೀಸ್ ತಾತ ಟೀವಿಗೆ ಕೈಮುಗಿದ. ಅವನು ಡಿಪೋದ ಹಿರಿಯ ಮೆಕ್ಯಾನಿಕ್, ನಿವೃತ್ತಿಯ ಅಂಚಿನಲ್ಲಿದ್ದವನು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಕ್ಕು ಮುಗಿದ ಮೇಲೆ ಭಯವಾಯಿತು.

ಭಾವ ಮೂರು ವಾರ ಮಂತ್ರಿಗಳ ಕಚೇರಿಗೆ ಅಲೆದ. ಒಂದು ಬೆಳಿಗ್ಗೆ, ಕಟ್ಟೆ ಹತ್ತುವ ಮೊದಲು, ಅವಳ ಬಸ್ಸಿನ ಹತ್ತಿರ ಬಂದು ಕಿಟಕಿಗೆ ಕೈ ಊರಿ ನಿಂತ. ಗಡ್ಡ ಬೋಳಿಸಿರಲಿಲ್ಲ, ಕಣ್ಣು ಕೆಂಪಾಗಿತ್ತು. ಪಾಪ, ನಮಗಾಗಿ ಎಷ್ಟು ಒದ್ದಾಡುತ್ತಿದ್ದಾನೆ ಎಂದು ಅವಳಿಗೆ ಕರುಳು ಚುರುಕ್ ಎಂದಿತು.

"ಪೀಪಿ, ಒಪ್ಪಂದ ಕುದುರಿದೆ. ಇವತ್ತು ಮೊದಲು ನೀನೇ ಹಾರ್ನ್ ಹಾಕಬೇಕು, ತಡ ಮಾಡಬೇಡ. ನೀನು ತಡ ಮಾಡಿದ್ರೆ ಮಿಕ್ಕವರು ಯೋಚನೆ ಮಾಡೋಕೆ ಶುರು ಮಾಡ್ತಾರೆ."

"ನನ್ನ ಪಿಂಚಣಿಗೆ ಏನೂ ಆಗಲ್ಲ ತಾನೇ ಭಾವ?"

"ನಮ್ಮವರ ಕೂದಲೂ ಕೊಂಕಲ್ಲ, ನಾನಿದ್ದೀನಿ."

ಅವಳು ಕೇಳಿದ್ದು ನನ್ನ ಎಂದು, ಅವನು ಹೇಳಿದ್ದು ನಮ್ಮವರ ಎಂದು. ಸ್ವಂತ ಭಾವನ ಮಾತನ್ನು ಯಾರು ತಕ್ಕಡಿಯಲ್ಲಿಟ್ಟು ತೂಗುತ್ತಾರೆ? ಅವನು ಆ ಪದವನ್ನು ಇಷ್ಟು ವರ್ಷ ಬಳಸುತ್ತಿದ್ದುದೂ ಹಾಗೆಯೇ. ಡ್ರೈವರು, ಕಂಡಕ್ಟರು, ಕಸ ಗುಡಿಸುವವಳು, ಎಲ್ಲರೂ ಅವನಿಗೆ ನಮ್ಮವರೇ.

ಕಟ್ಟೆಯ ಮೇಲೂ ಅವನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆಯೇ ಮಾತಾಡಿದ. ಹಳೇ ಪಿಂಚಣಿ ಉಳಿದಿದೆ, ನಮ್ಮವರನ್ನು ಬಿಟ್ಟುಕೊಟ್ಟಿಲ್ಲ, ವಿವರ ಈಗಲೇ ಹೊರಬಿದ್ದರೆ ಸರ್ಕಾರ ಹಿಂದೆ ಸರಿಯುತ್ತದೆ. "ಒಪ್ಪಿಗೇನಾ?" ಎಂದ. ಎರಡನೇ ಸಾಲಿನಿಂದ ಗುಂಗುರು ಕೂದಲಿನ ಡ್ರೈವರ್ ತಲೆ ಹೊರಗೆ ಹಾಕಿ, "ವಿವರ ಹೇಳದೆ ಹೆಂಗ್ ಒಪ್ಪೋದು ಸಾರ್?" ಎಂದು ಕೂಗಿದಳು. ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತಷ್ಟೇ, ಆದರೆ ಬಾಯಿ ಗಟ್ಟಿ. ಭಾವ ಅವಳ ಕಡೆ ನೋಡಲೇ ಇಲ್ಲ. ಮೊದಲ ಬಸ್ಸಿನ ಕಡೆ ನೋಡಿದ. ಪೀಪಿ ಒತ್ತಿದಳು. ಹಿಂದಿನಿಂದ ಒಂದು, ಎರಡು, ಹತ್ತು ಹಾರ್ನ್ ಸೇರಿಕೊಂಡವು, ಗುಂಗುರಿನವಳು ಇನ್ನೇನೋ ಕೂಗುತ್ತಿದ್ದುದು ಬಾಯಿ ಆಡುವುದರಲ್ಲಿ ಮಾತ್ರ ಕಂಡಿತು.

ಮಧ್ಯಾಹ್ನ ಕ್ಯಾಂಟೀನಿನ ಟೀವಿಯಲ್ಲಿ ಮಂತ್ರಿ ವಿವರ ಹೇಳಿದ. ನಲವತ್ತೈದು ತುಂಬಿದವರಿಗೆ ಹಳೇ ಪಿಂಚಣಿ ಹಾಗೇ ಇರುತ್ತದೆ. ಉಳಿದವರೆಲ್ಲ ಹೊಸ ಪದ್ಧತಿಗೆ. ನೌಕರರ ಸಂಘಟನೆ ಇದನ್ನು ಸ್ವಾಗತಿಸಿದೆ ಎಂದು ನಕ್ಕ.

ಪೀಪಿಗೆ ನಲವತ್ತೆರಡು.

ಅವಳು ಕೈಯಲ್ಲಿದ್ದ ಚಹಾ ಲೋಟವನ್ನು ಮೇಜಿನ ಮೇಲಿಟ್ಟಳು. ಕೇಳಿದ್ದು ತಪ್ಪಿರಬೇಕು ಅಂದುಕೊಂಡಳು. ಗ್ರೀಸ್ ತಾತ ತನಗೆ ಉಳಿಯಿತೆಂಬ ಖುಷಿಯನ್ನು ಮುಚ್ಚಿಡಲಾಗದೆ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡ. ಯಾರೋ ಬೆಂಚು ದೂಡಿಕೊಂಡು ಎದ್ದು ಹೋದರು. ಗುಂಗುರಿನವಳು ನೇರವಾಗಿ ಇವಳ ಮೇಜಿಗೆ ಬಂದಳು.

"ಎಷ್ಟಕ್ಕೆ ಮಾರಿದ್ರಿ ನಮ್ಮನ್ನ, ಪೀಪಿಯಕ್ಕ?"

"ನನಗೂ ಹೋಯ್ತು ಕಣೇ. ನನಗೆ ನಲವತ್ತೆರಡು."

"ನಿಮಗೇನು ಬಿಡಿ, ಮನೆಯಲ್ಲೇ ಕಾರ್ಯದರ್ಶಿ ಇದ್ದಾರೆ. ಯಾವುದಾದ್ರೂ ಸಂದಿಯಲ್ಲಿ ನುಗ್ಗಿಸ್ತಾರೆ."

"ಆಣೆಗೂ ನನಗೆ ಗೊತ್ತಿರಲಿಲ್ಲ!"

ಹೇಳುತ್ತಿದ್ದ ಹಾಗೇ ಅವಳಿಗೆ ತನ್ನ ಮಾತು ಸುಳ್ಳಿನ ಹಾಗೆ ಕೇಳಿಸಿತು. ನಿಜ ಹೇಳಿದವರಿಗೂ ಸುಳ್ಳು ಹೇಳಿದವರಿಗೂ ಅಂಥ ಹೊತ್ತಿನಲ್ಲಿ ಇರುವುದು ಇದೊಂದೇ ವಾಕ್ಯ. ಗುಂಗುರಿನವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಲೋಟ ಎತ್ತಿಕೊಂಡು ಬೇರೆ ಮೇಜಿಗೆ ಹೋದಳು, ಅವಳ ಹಿಂದೆ ಉಳಿದ ಕಿರಿಯರೂ ಹೋದರು.

ಪಾಳಿ ಮುಗಿಸಿ ಪೀಪಿ ಸೀದಾ ಅಕ್ಕನ ಮನೆಗೆ ಹೋದಳು. ದಾರಿಯುದ್ದಕ್ಕೂ ಭಾವನಿಗೆ ಹೇಳಬೇಕಾದ್ದನ್ನು ಜೋಡಿಸಿಕೊಳ್ಳುತ್ತಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋಣ ಭಾವ ಎಂದು ಕೇಳಬೇಕು. ನನ್ನ ಟ್ಯಾಕ್ಸಿ ವಾಪಸ್ ಕೊಡು ಎನ್ನಬೇಕು. ಅಷ್ಟು ಹೊತ್ತಿಗೆ ಅಳು ಬಾರದಿದ್ದರೆ ಸಾಕು.

ಭಾವ ಮನೆಯಲ್ಲಿರಲಿಲ್ಲ. ಬೇರೆ ಡಿಪೋಗಳಿಗೆ ಒಪ್ಪಂದ ವಿವರಿಸಲು ಹೋಗಿದ್ದಾರೆ ಎಂದಳು ಅಕ್ಕ. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ತಂಗಿಯನ್ನು ಕಂಡು ಕೈ ನಿಲ್ಲಿಸಿದಳು, ಮತ್ತೆ ಹೆಚ್ಚತೊಡಗಿದಳು.

"ಕೂತ್ಕೋ. ಊಟ ಮಾಡ್ಕೊಂಡೇ ಹೋಗು."

"ಭಾವ ನನಗೆ ಕೈ ಕೊಟ್ಟ, ಅಕ್ಕ."

"ಹಾಗನ್ನಬೇಡ. ಅವರು ಎಷ್ಟು ಗುದ್ದಾಡಿದ್ರು ಅಂತ ನಿನಗೆ ಗೊತ್ತಿಲ್ಲ. ಸರ್ಕಾರದವರು ಮೊದಲು ಐವತ್ತು ತುಂಬಿದವರಿಗೆ ಮಾತ್ರ ಅಂದಿದ್ರು. ನಲವತ್ತೆಂಟಕ್ಕೆ ಇಳಿಸೋ ಹೊತ್ತಿಗೇ ಸಾಕುಸಾಕಾಯ್ತು. ಆಮೇಲೆ ನಲವತ್ತೈದು."

ಅಕ್ಕನಿಗೆ ನಲವತ್ತೈದು ತುಂಬಿದ್ದು ಹೋದ ತಿಂಗಳು. ಪೀಪಿಗೆ ಅದು ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು. ನೆನಪಾದ ಮೇಲೆ ಕುರ್ಚಿ ಎಳೆದುಕೊಂಡು ಕುಳಿತಳು. ಚಿಕ್ಕವರಿದ್ದಾಗ ಒಂದೇ ಹೊದಿಕೆಯಲ್ಲಿ ಮಲಗುತ್ತಿದ್ದ ಇಬ್ಬರ ನಡುವೆಯೇ ಭಾವ ಗೆರೆ ಎಳೆದಿದ್ದ.

"ನಿನ್ನವರೆಗೆ ತಂದು ನಿಲ್ಲಿಸಿದ್ರು" ಎಂದಳು.

ಅಕ್ಕ ಹೆಚ್ಚಿದ್ದನ್ನು ಒಂದು ಕಡೆ ಸರಿಸಿ ಇನ್ನೊಂದು ಈರುಳ್ಳಿ ಎತ್ತಿಕೊಂಡಳು.

"ಇನ್ನು ಮೂರು ವರ್ಷ ಇಳಿಸಿ ಅಂತ ಕೇಳೋಕೆ ಭಾವನಿಗೆ ಬಾಯಿ ಬರಲಿಲ್ವಾ?"

"ಕೇಳ್ತೀನಿ ಅಂತಲೇ ಇದ್ರು." ಅಕ್ಕ ಚಾಕುವನ್ನು ಕೆಳಗಿಟ್ಟಳು. ಕಣ್ಣಲ್ಲಿ ನೀರಿತ್ತು. ಈರುಳ್ಳಿಗೋ ತಂಗಿಗೋ, ಹೇಳುವುದು ಕಷ್ಟ. "ನಾನೇ ಬೇಡ ಅಂದೆ. ಇನ್ನೂ ಎಳೆದ್ರೆ ಪೂರ್ತಿ ಹರಿದುಹೋಗತ್ತೆ, ಇದ್ದದ್ದೂ ಹೋಗತ್ತೆ ಅಂದೆ. ಇಪ್ಪತ್ತೆರಡು ವರ್ಷ ಸ್ಟೋರಿನ ಧೂಳು ಕುಡಿದಿದ್ದೀನಿ ಕಣೇ. ನನಗೆ ಭಯ ಆಯ್ತು."

ಪೀಪಿ ಅಕ್ಕನ ಕೈಯನ್ನೇ ನೋಡಿದಳು. ಭಾವನಿಗಾಗಿ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಈ ಕೈಗೆ ಹೊಂದುತ್ತಿರಲಿಲ್ಲ. ಭಾವ ಎಷ್ಟಾದರೂ ಹೊರಗಿನವನು. ಅಕ್ಕನೇ ಹೊಡೆದರೆ ಹೋಗಿ ಅಳುವುದಕ್ಕೆ ಪೀಪಿಗೆ ಇನ್ನೊಬ್ಬ ಅಕ್ಕ ಇರಲಿಲ್ಲ.

"ನಿನಗೆ ನಾವಿಲ್ವಾ?" ಎಂದಳು ಅಕ್ಕ. "ನಾನು ಉಂಡು ನಿನ್ನ ಉಪವಾಸ ಕೆಡವ್ತೀನಾ? ನೀನೇ ಹೇಳು, ನನ್ನ ಜಾಗದಲ್ಲಿ ನೀನಿದ್ದಿದ್ರೆ ಏನ್ ಮಾಡ್ತಿದ್ದೆ?"

ಪೀಪಿ ಯೋಚಿಸಿದಳು. ಸಿಟ್ಟಿನಲ್ಲಿ ಸುಳ್ಳು ಹೇಳಬಾರದೆಂದು ನಿಜವಾಗಿಯೂ ಯೋಚಿಸಿದಳು.

"ನಿನ್ನನ್ನ ಬಿಟ್ಟು ನನಗೊಬ್ಬಳಿಗೇ ಬೇಡ ಅಂತಿದ್ದೆ. ಹಾರ್ನ್ ಒತ್ತುತ್ತಲೇ ಇರಲಿಲ್ಲ."

"ನೀನು ಹಾಗೇ ಅಂತೀಯ ಅಂತ ಗೊತ್ತಿತ್ತು ಕಣೇ" ಎಂದಳು ಅಕ್ಕ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ. "ಅದಕ್ಕೇ ನಿನಗೆ ಮೊದಲೇ ಹೇಳಬೇಡಿ ಅಂತ ಅವರಿಗೆ ಹೇಳಿದ್ದು."