ಕಿವುಡನ ಹಗ್ಗ

ಅಮಲೋರ್ಪವ ದೋಣಿ ನಿಲ್ಲುವ ದಕ್ಕೆಯ ಮೇಲೆ ಕುಳಿತು ಶಂಖದೊಳಗಿನ ಮಾಂಸ ಕೆರೆಯುತ್ತಿದ್ದಳು. ಎದುರಿನ ದೋಣಿಯಲ್ಲಿ ಸಂಶೋಧಕಿ ಇಳವರಸಿ ಲೇಸರ್ ಯಂತ್ರ ಹೂಡಿದ್ದಳು. ಕಣ್ಣಿಗೆ ಕಾಣದ ಆ ಬೆಳಕು ನೀರಿಗೆ ಬಡಿದಲ್ಲೇ ಸದ್ದು ಹುಟ್ಟಿ ಆಳಕ್ಕಿಳಿಯುವುದಂತೆ. ಕೇಳಿಸಿದರೆ ಮುಳುಗಿದವನು ಹಗ್ಗ ಜಗ್ಗಬೇಕು. ಕಿವಿ ಒಡೆದೀತೆಂದು ತೂತುಕುಡಿಯಲ್ಲಿ ಶಂಖಕ್ಕಾಗಿ ಮುಳುಗುವವರು ಯಾರೂ ಒಪ್ಪದ್ದರಿಂದ, ಅಮಲೋರ್ಪವಳ ಗಂಡ ಸವರಿಮುತ್ತುವನ್ನು ಇಳಿಸಿದ್ದರು. ಮುಳುಗಿ ಮುಳುಗಿ ಅವನು ಎಂದೋ ಕಿವುಡನಾಗಿದ್ದ. ಒಳಗಿವಿಯಲ್ಲಿ ಜೀವವಿದ್ದರೆ ಕೇಳಿಸುವ ಯಂತ್ರ ಕೂರಿಸಬಹುದೆಂದು ಮಧುರೈ ವೈದ್ಯರು ಬರೆದಿದ್ದರೂ, ಹುಸಿ ಆಸೆ ಬೇಡವೆಂದು ಅವಳು ಒಪ್ಪಿಗೆಯ ಕಾಗದ ಕಳಿಸಿರಲಿಲ್ಲ.

"ಭಾವಂಗೆ ಒಡೆಯಾಕೆ ಕಿವಿ ಎಲ್ಲೈತಕ್ಕಾ?" ಎಂದು ಹಗ್ಗ ಹಿಡಿದಿದ್ದ ತಮ್ಮ ರೊಸಾರಿಯೊ ನಕ್ಕ.

ಹಗ್ಗ ಜಗ್ಗಿತು.

ಅವನ ನಗು ಅಲ್ಲೇ ನಿಂತಿತು. "ಮೀನು ಎಳ್ದಿರ್ಬೇಕು."

"ಇನ್ನೊಂದ್ಸಲ ಬೆಳಕು ಬಿಡಮ್ಮಾ," ಎಂದಳು ಅಮಲೋರ್ಪವ.

ಇಳವರಸಿ ಬಿಟ್ಟುಬಿಟ್ಟು ಮೂರು ಸಲ ಬೆಳಕು ಹಾಯಿಸಿದಳು. ಹಗ್ಗವೂ ಬಿಟ್ಟುಬಿಟ್ಟು ಮೂರು ಸಲ ಜಗ್ಗಿತು.

ಮೇಲೆ ಬಂದ ಸವರಿಮುತ್ತು ದಿಗಿಲುಬಿದ್ದವನಂತೆ ತಲೆ ಸವರಿಕೊಂಡ. "ಬುರುಡೆ ಒಳಗೆ ಯಾರೋ ಬಾಗಿಲು ಬಡಿದಂಗಾಯ್ತು ಕಣೇ."

"ನೀರಲ್ಲಿ ಸದ್ದು ಮೂಳೆಯಿಂದ್ಲೇ ಒಳಗೋಗುತ್ತೆ ಅಕ್ಕಾ," ಎಂದಳು ಇಳವರಸಿ. "ಇವರ ಒಳಗಿವಿ ಸತ್ತಿಲ್ಲ."

ಅಮಲೋರ್ಪವ ಶಂಖಗಳನ್ನು ಅಲ್ಲೇ ಬಿಟ್ಟು ಮನೆಗೆ ಓಡಿದಳು; ಕೈ ತೊಳೆಯುವುದನ್ನೂ ಮರೆತು, ಮಧುರೈಗೆ ಕಳಿಸದೆ ಇಟ್ಟಿದ್ದ ಒಪ್ಪಿಗೆಯ ಕಾಗದವನ್ನು ಅಂಚೆಗೆ ಹಾಕಿದಳು.